ಎರಡು ಶಾಖೆ ಒಂದಾಯಿತು, ಸ್ಟಾಫ್ ಇನ್ನೂ ಎರಡಾಗಿಯೇ ಇದ್ದಾರೆ

ಮಲ್ನಾಡ್ ಮ್ಯಾನೇಜರ್ ಕೇಳಿದ್ದು:

ಬ್ಯಾಂಕಿನ ಹೆಸರು, ಊರಿನ ಹೆಸರು ಹಾಕಲ್ಲ, ಬೇಜಾರು ಮಾಡ್ಕೋಬೇಡಿ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ ಅಂದುಕೊಳ್ಳಿ. ನಾನು ಇಲ್ಲಿ ಮ್ಯಾನೇಜರ್ ಆಗಿ ಒಂದೂವರೆ ವರ್ಷ ಆಯಿತು.

ನಮ್ಮ ಬ್ಯಾಂಕ್, ಇನ್ನೊಂದು ಬ್ಯಾಂಕ್ ಎರಡರ ವಿಲೀನದ ಸುದ್ದಿ ಪೇಪರಿನಲ್ಲಿ ಬಂದು ಬಹಳ ದಿನ ಆಗಿತ್ತು. ನಮ್ಮ ಊರಿಗೆ ಅದರ ಬಿಸಿ ತಟ್ಟಿದ್ದು ತಡವಾಗಿ. ಮೊದಲು ಸಾಫ್ಟ್‌ವೇರ್ ಬದಲಾಯಿತು. ಅದರ ಬೆನ್ನಿಗೇ ಶಾಖೆ. ಬಸ್ ಸ್ಟ್ಯಾಂಡಿನ ಈ ಕಡೆ ನಮ್ಮದು, ಆ ಕಡೆ ಅವರದ್ದು, ನಡುವೆ ಇನ್ನೂರು ಹೆಜ್ಜೆ. ಎರಡು ಯಾಕೆ ಅಂತ ಒಂದು ಮಾಡಿದರು. ಎರಡು ತಿಂಗಳ ಹಿಂದೆ ಒಂದು ಶನಿವಾರ ರಾತ್ರಿ ಅವರ ಬೀರು, ವೋಚರ್ ಕಟ್ಟು, ನೋಟು ಎಣಿಸುವ ಮಷಿನ್ ಎಲ್ಲ ಒಂದು ಟೆಂಪೋದಲ್ಲಿ ನಮ್ಮ ಬಾಗಿಲಿಗೆ ಬಂದವು. ಸೋಮವಾರ ಬೆಳಿಗ್ಗೆ ಅವರೂ ಬಂದರು.

ಈಗ ಒಟ್ಟು ಹದಿನಾಲ್ಕು ಜನ. ನಮ್ಮವರು ಎಂಟು, ಅವರು ಆರು. ಹನ್ನೊಂದು ಗಂಟೆಗೆ ನಮ್ಮವರಿಗೆ ಎದುರಿನ ಹೋಟೆಲಿನಿಂದ ಟೀ ಬರುತ್ತೆ. ಅವರಿಗೆ ಆ ಕಡೆಯ ಗೂಡಂಗಡಿಯಿಂದಲೇ ಬರಬೇಕು. ಅಲ್ಲಿಯ ಹುಡುಗ ಇನ್ನೂರು ಹೆಜ್ಜೆ ನಡೆದು ಬಂದು ಕೊಟ್ಟು ಹೋಗ್ತಾನೆ. ಊಟಕ್ಕೂ ಅಷ್ಟೇ, ಅವರು ರೆಕಾರ್ಡ್ ರೂಮಿನಲ್ಲಿ, ನಮ್ಮವರು ಹಿಂದಿನ ಟೇಬಲಿನಲ್ಲಿ.

ಅವರಲ್ಲಿ ಒಬ್ಬರು ಹಿರಿಯರಿದ್ದಾರೆ. 58 ವರ್ಷ, ರಿಟೈರ್ ಆಗಲು ಎರಡು ವರ್ಷ ಇದೆ. ಅಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದರು. ಇಲ್ಲಿ ನಮ್ಮ ಹೆಡ್ ಕ್ಯಾಷಿಯರ್ ಇದ್ದಾರಲ್ಲ, ಹಾಗಾಗಿ ಅವರಿಗೆ ಮೂರನೇ ಕೌಂಟರ್ ಕೊಟ್ಟೆ. ನೋಟಿನ ಕಟ್ಟು ಕೈಯಲ್ಲಿ ಹಿಡಿದರೆ ಸಾಕು, ಒಂದು ಕಡಿಮೆ ಇದೆ ಅಂತ ಹೇಳುವ ಮನುಷ್ಯ. ಹೊಸ ಸಾಫ್ಟ್‌ವೇರ್ ಮುಂದೆ ಕೂತರೆ ಮಾತ್ರ ಬೆವರುತ್ತಾರೆ. ಒಂದು ಡೈರಿ ಇಟ್ಟುಕೊಂಡು ಪ್ರತಿಯೊಂದನ್ನೂ ಬರೆದುಕೊಂಡು, ಬೆರಳಿಟ್ಟು ಓದಿ, ಆಮೇಲೆ ಒತ್ತುತ್ತಾರೆ. ಕ್ಯೂ ಬಾಗಿಲ ತನಕ ಹೋಗುತ್ತೆ. ನಾನು ಒಂದು ದಿನ ಮೀಟಿಂಗಿನಲ್ಲಿ, "ಸರ್, ನೀವು ಸ್ವಲ್ಪ ಬೇಗ ಕಲಿತರೆ ಎಲ್ಲರಿಗೂ ಅನುಕೂಲ" ಅಂದೆ. ನಮ್ಮ ಹೊಸ ಹುಡುಗನನ್ನು ಪಕ್ಕದಲ್ಲಿ ಕೂರಿಸಿದೆ, ಹೇಳಿಕೊಡಲಿ ಅಂತ. ಅಂದಿನಿಂದ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಇನ್ನೊಂದು ತಪ್ಪೂ ನನ್ನದೇ. ಟ್ರಾನ್ಸ್‌ಫರ್ ಲಿಸ್ಟ್ ಬರುತ್ತಂತೆ ಅಂತ ವಾಟ್ಸಾಪಿನಲ್ಲಿ ದಿನಾ ಒಂದೊಂದು ಕಥೆ. ಎಲ್ಲರೂ ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. "ಏನೂ ಆಗಲ್ಲ, ಟೆನ್ಷನ್ ತಗೋಬೇಡಿ" ಅಂದೆ. ಹತ್ತು ದಿನಕ್ಕೆ ಅವರ ಕಡೆಯ ಒಬ್ಬಳು ಕ್ಲರ್ಕ್‌ಗೆ ಆರ್ಡರ್ ಬಂತು. ಎರಡು ವರ್ಷದ ಮಗು ಇರುವ ಹುಡುಗಿ. ಈಗ ನಾನು ಏನು ಹೇಳಿದರೂ ಯಾರೂ ನಂಬಲ್ಲ.

ಇದನ್ನು ಬರೆಯೋಕೆ ಕೂತಿದ್ದು ನಿನ್ನೆಯ ಕಾರಣಕ್ಕೆ. ಮಧ್ಯಾಹ್ನ ಒಬ್ಬರು ವಯಸ್ಸಾದವರು ಬಂದರು. ಮಂಡಿಗೆ ಅಡಿಕೆ ಹಾಕಿದ ದುಡ್ಡು ಜಮಾ ಆಗಿಲ್ಲ ಅಂತ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಹಳೆ ಪಾಸ್‌ಬುಕ್. ಮೊದಲ ಕೌಂಟರಿನವರು "ಇದು ಆ ಬ್ಯಾಂಕಿನದ್ದು, ಅಲ್ಲಿ ಕೇಳಿ" ಅಂದರು. ಮೂರನೇ ಕೌಂಟರಿನಿಂದ "ಇಲ್ಲಿಯ ಮ್ಯಾನೇಜರ್ ಹತ್ತಿರ ಕೇಳಿ" ಅಂತ ಕಳಿಸಿದರು. ಒಂದೇ ಹಾಲಿನಲ್ಲಿ ಆ ಅಜ್ಜ ಮೂರು ಸುತ್ತು ಹಾಕಿ ನನ್ನ ಕ್ಯಾಬಿನ್ನಿಗೆ ಬಂದು, "ಅಮ್ಮಾ, ನನ್ನ ಬ್ಯಾಂಕ್ ಯಾವುದು ಈಗ?" ಅಂದರು.

ಡೇ ಎಂಡ್, ಅಂದರೆ ಆ ದಿನದ ಲೆಕ್ಕ ಮುಚ್ಚುವ ಕೆಲಸ, ಮುಗಿಯೋದು ರಾತ್ರಿ ಎಂಟಕ್ಕೆ. ರೀಜನಲ್ ಆಫೀಸಿನವರಿಗೆ (ಆರ್‌ಒ) ಸಂಜೆ ಐದಕ್ಕೆ ಎಕ್ಸೆಲ್ ಶೀಟ್ ಬೇಕು. ಇಂಥದ್ದನ್ನು ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ. ಮೋಟಿವೇಷನ್ ಭಾಷಣ ಬೇಡ, ಅದು ಟ್ರೈನಿಂಗಿನಲ್ಲಿ ಸಾಕಷ್ಟು ಆಗಿದೆ.

---

ಕರಾವಳಿ ಪೆನ್ಷನರ್:

ಮೇಡಂ, 34 ವರ್ಷ ಬ್ಯಾಂಕಿನಲ್ಲಿದ್ದು ಈಗ ಮನೆಯಲ್ಲಿ ಕಾಳುಮೆಣಸು ಒಣಗಿಸುತ್ತಾ ಇದ್ದೇನೆ. ಉದ್ದ ಬರೆಯುತ್ತೇನೆ, ಪುರುಸೊತ್ತು ಉಂಟು.

ನಮ್ಮ ಕಡೆಯವರಿಗೆ ಬ್ಯಾಂಕ್ ಅಂದರೆ ಬರೀ ನೌಕರಿ ಅಲ್ಲ ಮಾರಾಯ್ರೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್. 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಈ ನಾಲ್ಕರಲ್ಲಿ ಇವತ್ತು ಬೋರ್ಡಿನ ಮೇಲೆ ಹೆಸರು ಉಳಿದದ್ದು ಕೆನರಾಕ್ಕೆ ಮಾತ್ರ. ಆ ಕಡೆ ಮೈಸೂರು ಸೀಮೆಯವರದ್ದು 1913ರ ಮೈಸೂರು ಬ್ಯಾಂಕ್, ಅದು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು. 2019ರಲ್ಲಿ ವಿಜಯಾ, ಬ್ಯಾಂಕ್ ಆಫ್ ಬರೋಡಾಕ್ಕೆ. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ನಿಗೆ. ಎಲ್ಲವೂ ಏಪ್ರಿಲ್ 1ಕ್ಕೇ. ಮಾರ್ಚ್ 31ರ ಲೆಕ್ಕ ಮುಗಿಸಿ ಮಲಗಿದವನು ಬೆಳಿಗ್ಗೆ ಬೇರೆ ಬ್ಯಾಂಕಿನಲ್ಲಿ ಎದ್ದ. ಇದರಲ್ಲಿ ಒಂದರಲ್ಲಿ ನಾನೂ ಇದ್ದೆ. ಯಾವುದು ಅಂತ ಕೇಳಬೇಡಿ.

2020ರವರ ಪಾಡು ಇನ್ನೂ ಕಷ್ಟ. ಮಾರ್ಚ್ 25ಕ್ಕೆ ಲಾಕ್‌ಡೌನ್, ಒಂದು ವಾರಕ್ಕೆ ವಿಲೀನ. ಹೊಸ ಸಹೋದ್ಯೋಗಿಯ ಮೂಗು ಹೇಗಿದೆ ಅಂತ ನೋಡಲಿಕ್ಕೇ ತಿಂಗಳುಗಟ್ಟಲೆ ಆಯಿತು ಅಂತ ನನ್ನ ಸ್ನೇಹಿತ ಹೇಳುತ್ತಿದ್ದ. ಒಂದು ವಿಷಯ ನೋಡಿ. ಸಿಂಡಿಕೇಟ್ ಹೆಸರು ಹೋದ ಮೇಲೂ ಅದರ ಹಳೆ ಐಎಫ್‌ಎಸ್‌ಸಿ ಕೋಡ್ 2021ರ ಜೂನ್ 30ರ ತನಕ ನಡೆಯಿತು. ಹದಿನೈದು ತಿಂಗಳು. ಒಂದು ಕೋಡಿಗೆ ಹದಿನೈದು ತಿಂಗಳು ಟೈಮ್ ಕೊಟ್ಟಿದ್ದಾರೆ. ನೀವು ಆ ಹಿರಿಯರಿಗೆ ಎರಡು ತಿಂಗಳೂ ಕೊಡಲಿಲ್ಲ.

ಬೈಯುತ್ತಿಲ್ಲ. ನಾನು ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ಹೊಸ ಸಾಫ್ಟ್‌ವೇರಿನ ಆನ್‌ಲೈನ್ ಪಾಠ ಯಾರು ಎಷ್ಟು ಮುಗಿಸಿದ್ದಾರೆ ಅಂತ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಪೈಪೋಟಿ ಬರಲಿ ಅಂತ. ಕೊನೆಯ ಹೆಸರು ಒಬ್ಬರು ಹಿರಿಯ ಕ್ಲರ್ಕ್ ಅಕ್ಕನದ್ದು. ಅವರು ಆ ಬೋರ್ಡಿನ ಮುಂದೆ ಕನ್ನಡಕ ಒರೆಸಿಕೊಳ್ಳುತ್ತಾ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಒಂದು ವಾರ ಮೆಡಿಕಲ್ ಲೀವ್ ಹಾಕಿದರು.

ಅವರು ಲೀವಿನಲ್ಲಿರುವಾಗ ಒಬ್ಬರು ಹಳೆ ಗ್ರಾಹಕರು ಚೆಕ್ ತಂದರು. ಸಿಸ್ಟಮಿನಲ್ಲಿ ಅವರ ಸಹಿಯ ಜಾಗ ಖಾಲಿ. ಅಕೌಂಟ್ ತೆಗೆದಾಗಿನ ಫಾರಂ ಬೇಕು. ಹಳೆ ಶಾಖೆಯಿಂದ ಬಂದ ಕಟ್ಟುಗಳು ನೂರಕ್ಕೂ ಜಾಸ್ತಿ. ಯಾವುದರಲ್ಲಿ ಯಾವುದಿದೆ, ದೇವರಿಗೇ ಗೊತ್ತು. ಅಕ್ಕನಿಗೆ ಫೋನ್ ಮಾಡಿದೆ. "ಹಳೆ ಲೆಡ್ಜರ್ ನಂಬರ್ ಹೇಳಿ" ಅಂದರು. ಹೇಳಿದೆ. "ನೀಲಿ ದಾರದ ಕಟ್ಟು, ಮೇಲಿನಿಂದ ಎರಡನೆಯದ್ದು" ಅಂದರು. ಇತ್ತು. ನಾನು ಪಟ್ಟಿಯಲ್ಲಿ ಕೊನೆಗೆ ಹಾಕಿದ ಹೆಂಗಸಿನ ತಲೆಯಲ್ಲಿ ಇಡೀ ಹಳೆ ಶಾಖೆ ಇತ್ತು! ಪಟ್ಟಿ ಹರಿದು ಹಾಕಿದೆ. ಮರಳಿ ಬಂದ ಮೇಲೆ ಆ ಕಟ್ಟುಗಳ ಜವಾಬ್ದಾರಿ ಬರೆದು ಕೊಟ್ಟೆ. ಇಬ್ಬರು ಹುಡುಗರನ್ನು ಅವರ ಕೈಕೆಳಗೆ ಬಿಟ್ಟೆ. ಅವರಿಂದ ಹುಡುಗರು ಕಟ್ಟು ಕಲಿತರು, ಹುಡುಗರಿಂದ ಅವರು ಮೆನು ಕಲಿತರು. ಯಾರೂ ಯಾರ ಪಕ್ಕದಲ್ಲೂ "ಕಲಿಸಲಿಕ್ಕೆ" ಅಂತ ಕೂರಲಿಲ್ಲ.

ಲಿಸ್ಟಿನ ವಿಷಯ. "ಏನೂ ಆಗಲ್ಲ" ಅನ್ನುವ ಮಾತು ಇನ್ನು ಬಾಯಿಗೆ ತರಬೇಡಿ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಎಡ ಪುಟದಲ್ಲಿ ಗೊತ್ತಿರುವುದು, ಬಲ ಪುಟದಲ್ಲಿ ನನಗೂ ಗೊತ್ತಿಲ್ಲದ್ದು. ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಕ್ಯಾಷ್ ಕ್ಯಾಬಿನ್ನಿನ ಹತ್ತಿರ ಎಲ್ಲರೂ ನಿಂತುಕೊಂಡೇ ಐದು ನಿಮಿಷ. ಕೂತರೆ ಭಾಷಣ ಶುರುವಾಗುತ್ತದೆ. ಬಲ ಪುಟದಲ್ಲಿ ಯಾರು ಬೇಕಾದರೂ ಬರೆಯಬಹುದು. ಮೊದಲ ವಾರ ಒಬ್ಬ ಬರೆದದ್ದು, "ಟಾಯ್ಲೆಟ್ಟಿನ ಚಿಲಕ ಯಾವಾಗ?" ಅದನ್ನು ಅವತ್ತೇ ಹಾಕಿಸಿದೆ. ಆಮೇಲೆ ನಿಜವಾದ ಪ್ರಶ್ನೆಗಳು ಬಂದವು. ಟ್ರಾನ್ಸ್‌ಫರ್ ಬಗ್ಗೆ "ಗೊತ್ತಿಲ್ಲ, ಶುಕ್ರವಾರ ಆರ್‌ಒಗೆ ಕೇಳುತ್ತೇನೆ" ಅಂತ ಬರೆದು, ಶುಕ್ರವಾರ ಕೇಳಿ, "ಕೇಳಿದೆ, ಹೇಳಲಿಲ್ಲ" ಅಂತಲೂ ಬರೆಯುತ್ತಿದ್ದೆ. ನಗುತ್ತಿದ್ದರು. ಆದರೆ ನಂಬುತ್ತಿದ್ದರು.

ಕೊನೆಯದ್ದು, ಯಾರೂ ಹೇಳದ್ದು. ನಿಮ್ಮ ಹದಿನಾಲ್ಕು ಜನರ ಲೆಕ್ಕದಲ್ಲಿ ಪಿಗ್ಮಿ ಕಲೆಕ್ಷನ್‌ನವರು, ಅಂದರೆ ದಿನಾ ಅಂಗಡಿ ಅಂಗಡಿಗೆ ಹೋಗಿ ಸಣ್ಣ ಉಳಿತಾಯದ ದುಡ್ಡು ತರುವವರು, ಇದ್ದಾರಾ? ಇರಲಿಕ್ಕಿಲ್ಲ, ಅವರು ಕಮಿಷನ್ನಿನವರು. 1928ರಲ್ಲಿ ಸಿಂಡಿಕೇಟಿನವರು ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಶುರು ಮಾಡಿದ ಕಾಲದಿಂದಲೂ, ಅಂಗಡಿಯವನಿಗೆ ಬ್ಯಾಂಕ್ ಅಂದರೆ ಸಂಜೆ ಬರುವ ಆ ಮನುಷ್ಯನೇ. "ನನ್ನ ಬ್ಯಾಂಕ್ ಯಾವುದು" ಅಂತ ಊರು ಮೊದಲು ಕೇಳುವುದು ಅವನನ್ನು. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಆ ಅಜ್ಜ ನಿಮ್ಮ ಹಾಲಿನಲ್ಲಿ ಮೂರು ಸುತ್ತು ಹಾಕಬೇಕಾಗುತ್ತದೆ. ನಿಮ್ಮಲ್ಲಿ ಅಂಥವರು ಇದ್ದರೆ ಕರೆದು ಟೀ ಕೊಟ್ಟು ಎಲ್ಲ ವಿವರಿಸಿ.

---

ಕೌಂಟರ್ ನಂ. 2:

ಮೇಡಂ, ನಾನು "ಆ ಕಡೆ"ಯವಳು. ನಿಮ್ಮ ಶಾಖೆ ಅಲ್ಲ, ಬೇರೆ ಜಿಲ್ಲೆ. ಆದರೆ ನಾವೂ ಒಂದು ಸೋಮವಾರ ಹೀಗೇ ಬೇರೆಯವರ ಬಾಗಿಲಿಗೆ ಹೋದವರು.

ನಿಮ್ಮ ಬರಹವನ್ನು ಇನ್ನೊಂದು ಸಲ ನೀವೇ ಓದಿ. "ನಮ್ಮವರು", "ಅವರು", "ಅವರ ಕಡೆಯ", "ನಮ್ಮ ಹೊಸ ಹುಡುಗ". ಕ್ಯಾಬಿನ್ನಿನಲ್ಲಿ ಕೂತು ನೀವೇ ಹೀಗೆ ಮಾತಾಡಿದರೆ ಕೌಂಟರಿನಲ್ಲಿ ಕೂತವರು ಅಜ್ಜನಿಗೆ "ಇದು ಆ ಬ್ಯಾಂಕಿನದ್ದು" ಅನ್ನದೆ ಇನ್ನೇನು ಅಂತಾರೆ?

ನಾವು ಹೋದ ಮೊದಲ ದಿನ ನೆನಪಿದೆ. ಐದು ಜನಕ್ಕೆ ಮೂರು ಕುರ್ಚಿ. ಟಿಫನ್ ಬ್ಯಾಗ್ ಇಡೋಕೆ ಜಾಗ ಕೇಳಿದರೆ "ಸದ್ಯಕ್ಕೆ ಅಲ್ಲೇ ಕೆಳಗಿಡಿ". ಗೋಡೆಯ ಮೇಲೆ ಹೆಸರಿನ ಬೋರ್ಡ್ ಇತ್ತು, ನಮ್ಮ ಹೆಸರು ಸೇರಿಸೋಕೆ ನಾಲ್ಕು ತಿಂಗಳು ಹಿಡಿಯಿತು. ಸಾಫ್ಟ್‌ವೇರ್ ಕಷ್ಟ ಅಂತ ನಾನು ಒಂದು ದಿನವೂ ಅತ್ತಿಲ್ಲ. ಬೋರ್ಡ್ ನೋಡಿ ಅತ್ತಿದ್ದೇನೆ. ಸುಮ್ನೆ ಹೇಳ್ತಿಲ್ಲ.

ಇನ್ನು ಆ ಸರ್ ವಿಷಯ. ಮೂರನೇ ಕೌಂಟರ್ ಕೊಟ್ಟೆ ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಅವರ ಕೈಯಿಂದ ಸೇಫಿನ ಕೀ ಹೋಯಿತು ಅನ್ನೋದನ್ನ ಬರೆದೇ ಇಲ್ಲ. ಇಷ್ಟು ವರ್ಷ ಸೇಫಿನ ಒಂದು ಕೀ ಆಫೀಸರ್ ಹತ್ತಿರ, ಇನ್ನೊಂದು ಅವರ ಹತ್ತಿರ. ಅವರು ಬಾರದೆ ಬ್ಯಾಂಕ್ ತೆರೀತಿರಲಿಲ್ಲ. ಮಗಳ ಮದುವೆ ದಿನವೂ ಬೆಳಿಗ್ಗೆ ಬಂದು ಕೀ ಕೊಟ್ಟು ಹೋದ ಇಂಥ ಹೆಡ್ ಕ್ಯಾಷಿಯರನ್ನು ನಾನು ನೋಡಿದ್ದೇನೆ. ಕೀ ಜೊತೆಗೆ ಅದಕ್ಕೆ ಸಿಗುತ್ತಿದ್ದ ಅಲೋವೆನ್ಸೂ ಹೋಯಿತು, ಅಲ್ವಾ? ಅವರು ಸಿಟ್ಟಾಗಿರೋದು ಮೀಟಿಂಗಿನ ಮಾತಿಗೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗೆ ಅನ್ನಿಸಲ್ಲ.

---

ಪ್ರಾಕ್ಟಿಕಲ್ ಮನುಷ್ಯ:

ಎಲ್ಲರೂ ಇಷ್ಟು ಭಾವುಕರಾದರೆ ಡೇ ಎಂಡ್ ಯಾರು ಮಾಡ್ತಾರೆ? ಸಂತೆ ದಿನ ಮತ್ತು ಸೋಮವಾರ ಪಾಸ್‌ಬುಕ್ ಎಂಟ್ರಿಗೆ ಒಬ್ಬರನ್ನು ಬೇರೆ ಕೂರಿಸಿ, ಕ್ಯೂ ಅರ್ಧ ಆಗುತ್ತೆ. ವೋಚರ್ ಚೆಕಿಂಗ್ ಸಂಜೆಗೆ ಇಟ್ಟುಕೊಳ್ಳಬೇಡಿ, ಮಧ್ಯಾಹ್ನ ಊಟಕ್ಕೆ ಮುಂಚೆ ಒಂದು ಸಲ, ನಾಲ್ಕಕ್ಕೆ ಒಂದು ಸಲ. ಎಕ್ಸೆಲ್ ಶೀಟಿಗೆ ಆರ್‌ಒ ಹತ್ತಿರ ಒಂದು ತಿಂಗಳ ರಿಯಾಯಿತಿ ಕೇಳಿ, ಲಿಖಿತದಲ್ಲಿ ಕೇಳಿ. ಇಲ್ಲ ಅಂದರೆ ಆಮೇಲೆ ನೋಡೋಣ.

---

ಕರಾವಳಿ ಪೆನ್ಷನರ್:

ವೋಚರ್ ಮಾತು ಸರಿ. ಒಪ್ಪಿದೆ. ಲಿಖಿತದಲ್ಲಿ ಕೇಳುವುದಕ್ಕೆ ಮೊದಲು ಒಂದು ಫೋನ್ ಮಾಡಿ ಮೇಡಂ, ಇಲ್ಲದಿದ್ದರೆ ಆರ್‌ಒದವರೂ ಮೂರನೇ ಕೌಂಟರಿನವರ ಹಾಗೆ ಮುನಿಸಿಕೊಂಡಾರು.

---

ಲೈನ್ ಸೂಪರ್‌ವೈಸರ್:

ನಾನು ಬ್ಯಾಂಕ್ ಅಲ್ಲ, ಬೆಂಗಳೂರಲ್ಲಿ ಗಾರ್ಮೆಂಟ್ಸ್. ಆದ್ರೂ ಒಂದು ಮಾತು.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಕಂಪನಿ ಹಾಕುವ ಪಾಲನ್ನ 58 ವರ್ಷ ಆಗೋ ತನಕ ತೆಗೆಯಂಗಿಲ್ಲ ಅಂತ ಕೇಂದ್ರದವರು ರೂಲ್ ತಂದಿದ್ದರು. ಆರ್ಡರ್ ಬಂದಿದ್ದು ಫೆಬ್ರವರಿಯಲ್ಲೇ. ನಮ್ಮ ಫ್ಯಾಕ್ಟರಿಯಲ್ಲಿ ಅದನ್ನ ಇಂಗ್ಲಿಷಲ್ಲಿ ಒಂದು ಕಾಗದ ಅಂಟಿಸಿ ಸುಮ್ಮನಾದರು. ನನ್ನ ಲೈನಲ್ಲಿ ಅರವತ್ತು ಜನ ಹೆಣ್ಮಕ್ಕಳು, ಅದನ್ನ ಓದಿ ಹೇಳೋರು ಯಾರೂ ಇಲ್ಲ. ಎರಡು ತಿಂಗಳು ಬಾಯಿಂದ ಬಾಯಿಗೆ ಹೋಗಿ ಅದು "ಪಿಎಫ್ ದುಡ್ಡೇ ಕೊಡಲ್ವಂತೆ" ಅಂತ ಆಯಿತು. ನನ್ನನ್ನ ಕೇಳಿದರು. ನಾನೂ ನಿಮ್ಮ ಥರಾನೇ "ಏನಿಲ್ಲ, ಹೋಗಿ ಕೂತ್ಕೊಳ್ಳಿ, ಟಾರ್ಗೆಟ್ ಇದೆ" ಅಂದೆ. ಏಪ್ರಿಲ್ 18ಕ್ಕೆ ಮಷಿನ್ ಆಫ್ ಮಾಡಿ ಎಲ್ಲರೂ ರೋಡಿಗೆ ಹೋದರು. ಬೆಂಗಳೂರೇ ನಿಂತು ಹೋಯಿತು. ಮಾರನೇ ದಿನ ಸರ್ಕಾರ ರೂಲ್ ವಾಪಸ್ ತಗೊಂಡಿತು.

ರೂಲ್ ತಪ್ಪೇ ಇತ್ತು, ಅವರು ಹೋಗಿದ್ದು ಸರಿ. ನನಗೆ ನೋವಾಗಿದ್ದು ಬೇರೆ. ನನ್ನ ಪಕ್ಕ ಹತ್ತು ವರ್ಷ ಕೂತು ಹೊಲಿದವಳು ಹೋಗುವಾಗ "ಅಕ್ಕಾ, ನಿನಗೆ ಗೊತ್ತಿದ್ದೂ ಹೇಳಲಿಲ್ಲ" ಅಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಸೂಪರ್‌ವೈಸರ್ ಜಂಬ ಬಿಡಲಿಲ್ಲ, ಅಷ್ಟೇ.

---

ಮಲ್ನಾಡ್ ಮ್ಯಾನೇಜರ್ (ಐದು ವಾರದ ನಂತರ):

ಉತ್ತರ ಬರೆದವರಿಗೆಲ್ಲ ಥ್ಯಾಂಕ್ಸ್. ಕೌಂಟರ್ ನಂ. 2 ಅವರ ಮಾತು ಓದಿ ಎರಡು ದಿನ ಸಿಟ್ಟು ಬಂದಿತ್ತು. ಮೂರನೇ ದಿನ ಹೆಸರಿನ ಬೋರ್ಡ್ ನೋಡಿದೆ. ನಮ್ಮಲ್ಲೂ ಸೇರಿಸಿರಲಿಲ್ಲ. ಪೇಂಟರ್ ಕರೆಸಿದೆ.

ನೋಟ್‌ಬುಕ್ ಶುರು ಮಾಡಿದೆ. ಮೊದಲ ನಾಲ್ಕು ದಿನ ಬಲ ಪುಟ ಖಾಲಿ. ಐದನೇ ದಿನ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದರು: "ಎರಡನೇ ಲಿಸ್ಟ್ ಇದೆಯಾ?" ಗೊತ್ತಿಲ್ಲ ಅಂತ ಕೆಳಗೆ ಬರೆಯುವಾಗ ಕೈ ನಡುಗಿತು ಅಂದರೆ ನಗಬೇಡಿ. ಆರ್‌ಒಗೆ ಫೋನ್ ಮಾಡಿದೆ, ಪೆನ್ಷನರ್ ಸರ್ ಹೇಳಿದ ಹಾಗೆ. ಇದೆ ಅಂದರು, ಹೆಸರು ಹೇಳಲಿಲ್ಲ. ಎರಡನ್ನೂ ಬರೆದೆ. ಎಕ್ಸೆಲ್ ಶೀಟಿನ ರಿಯಾಯಿತಿ ಸಿಗಲಿಲ್ಲ. ಮಗು ಇರುವ ಹುಡುಗಿಯ ಆರ್ಡರ್ ರದ್ದಾಗಲೂ ಇಲ್ಲ. ಅದು ನನ್ನ ಕೈಯಲ್ಲಿರಲಿಲ್ಲ, ಆದರೂ ಅವಳನ್ನು ಕಳಿಸಿಕೊಡುವ ದಿನ ನನಗೆ ಮುಖ ಕೊಟ್ಟು ಮಾತಾಡೋಕೆ ಆಗಲಿಲ್ಲ.

ಹಿರಿಯರ ವಿಷಯ ಹೇಳ್ತೀನಿ. ಹುಡುಗನನ್ನು ಪಕ್ಕದಿಂದ ಎಬ್ಬಿಸಿದೆ. ಒಂದು ಸಂಜೆ ಅವರ ಡೈರಿ ನೋಡಬಹುದಾ ಅಂತ ಕೇಳಿದೆ. ಬಹಳ ಹೊತ್ತು ಯೋಚನೆ ಮಾಡಿ ಕೊಟ್ಟರು. ಮೊದಲ ಪುಟದಲ್ಲೇ ಪಾಸ್‌ವರ್ಡ್! "ಸರ್, ಇದನ್ನ ಹರಿದು ಹಾಕಿ, ಪಾಸ್‌ವರ್ಡ್ ಈಗಲೇ ಬದಲಾಯಿಸಿ" ಅಂದೆ. ಮೊದಲ ಸಲ ನಕ್ಕರು. ಉಳಿದ ಪುಟಗಳು ನೋಡಿ ನಾನು ಬೆರಗಾದೆ. ಪ್ರತಿ ಕೆಲಸಕ್ಕೂ ಯಾವ ಸ್ಕ್ರೀನ್, ಎಲ್ಲಿ ಎಂಟರ್, ಎಲ್ಲಿ ತಪ್ಪಿದರೆ ಏನು ಬರುತ್ತೆ, ಎಲ್ಲ ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಟ್ರೈನಿಂಗಿನಲ್ಲಿ ಕೊಟ್ಟ ಪಿಡಿಎಫ್‌ನಲ್ಲಿ ಇದರ ಅರ್ಧವೂ ಇರಲಿಲ್ಲ. ಪಾಸ್‌ವರ್ಡ್ ಪುಟ ಬಿಟ್ಟು ನಾಲ್ಕು ಜೆರಾಕ್ಸ್ ಮಾಡಿಸಿದೆ. ಮೊದಲ ಕಾಪಿ ತಗೊಂಡಿದ್ದು ಮೊದಲ ಕೌಂಟರಿನವರು. ಅಜ್ಜನನ್ನು ಆ ಕಡೆ ಕಳಿಸಿದ್ದರಲ್ಲ, ಅವರೇ.

ಎರಡನೇ ಲಿಸ್ಟ್ ಬಂತು. ಅದರಲ್ಲಿ ನಮ್ಮ, ಅಂದರೆ ಮೊದಲಿನಿಂದ ಇಲ್ಲಿದ್ದ, ಹೆಡ್ ಕ್ಯಾಷಿಯರ್ ಹೆಸರು. ಕಳೆದ ಗುರುವಾರ ಅವರು ಕೀ ಹಸ್ತಾಂತರ ಮಾಡಿದರು. ರಿಜಿಸ್ಟರಿನಲ್ಲಿ ಸಹಿ ಹಾಕಿದ ಮೇಲೆ ಹಿರಿಯರು ಜೇಬಿನಿಂದ ಒಂದು ಹಳೆ ಚರ್ಮದ ಕೀ ಚೈನ್ ತೆಗೆದು, ಕೀ ಅದಕ್ಕೆ ಸಿಕ್ಕಿಸಿಕೊಂಡರು. ಖಾಲಿ ಕೀ ಚೈನನ್ನು ಇಷ್ಟು ದಿನ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು.

ಡೇ ಎಂಡ್ ಈಗ ಆರೂ ಮುಕ್ಕಾಲಕ್ಕೆ ಮುಗಿಯುತ್ತೆ. ಟೀ ಇನ್ನೂ ಎರಡು ಕಡೆಯಿಂದಲೇ ಬರ್ತಿದೆ. ಅದಕ್ಕೆ ನಾನು ಕೈ ಹಾಕಿಲ್ಲ.

---

ಕೌಂಟರ್ ನಂ. 2:

ಮೇಡಂ, ಆ ಡೈರಿಯ ಒಂದು ಕಾಪಿ ನನಗೂ ಸಿಗಬಹುದಾ? ನಿಮ್ಮ ಸಾಫ್ಟ್‌ವೇರೂ ನಮ್ಮದೂ ಒಂದೇ ಇರಬೇಕು ಅನ್ನಿಸ್ತಿದೆ. ಸರ್‌ಗೆ ಕೇಳಿ ಕಳಿಸಿ, ಕೇಳದೆ ಬೇಡ.